ಹವೇಲಿ ಹಾಡಿದವಳ ಮನೆ

ಫೆಬ್ರುವರಿ ನಡುವಿನ ಜಾತ್ರೆಯ ದಿನಗಳಲ್ಲಿ ನ್ಯಾಮತಿ ದಾಟಿ ಸೂರಗೊಂಡನಕೊಪ್ಪದ ದಾರಿ ಹಿಡಿದರೆ, ಊರು ಕಾಣುವುದಕ್ಕೂ ಮೊದಲು ತುಪ್ಪ ಸುಟ್ಟ ವಾಸನೆ ಮೂಗಿಗೆ ಬರುತ್ತದೆ. ಭೋಗ್ ಹಚ್ಚಿದ್ದಾರೆ. ಕೆಂಡದ ಮೇಲೆ ತುಪ್ಪ ಸುರಿದು, ಬೆಲ್ಲ ಹಾಕಿದ ಸಿಹಿಯನ್ನು ಅದಕ್ಕೆ ಒಪ್ಪಿಸಿ, ಹೊಗೆ ಏಳುತ್ತಿದ್ದಂತೆ ಸುತ್ತ ನಿಂತವರು ಕೈಮುಗಿದು ಸಾಲುಸಾಲಾಗಿ ಹೇಳುವ ಅರದಾಸ್ ಮೈಕಿನ ಗದ್ದಲವನ್ನೂ ಮೀರಿ ಕೇಳುತ್ತದೆ. ಟ್ರ್ಯಾಕ್ಟರುಗಳ ಟ್ರೈಲರಿಗೆ ತಾಡಪಾಲು ಇಳಿಬಿಟ್ಟು ಸಂಸಾರಗಳು ಬೀಡುಬಿಟ್ಟಿವೆ. ಮಾಲೆ ಹಾಕಿಕೊಂಡು ದಿನಗಟ್ಟಲೆ ನಡೆದು ಬಂದ ಹುಡುಗರು ಪಾದ ತೊಳೆದುಕೊಳ್ಳುತ್ತಿದ್ದಾರೆ. ಮೂರು ಕಲ್ಲಿನ ಒಲೆಗಳ ಮುಂದೆ ಹೆಂಗಸರು ಕೂತು ರೊಟ್ಟಿ ಬಡಿಯುತ್ತಿದ್ದಾರೆ, ಬಡಿದಂತೆಲ್ಲ ಕೈತುಂಬ ಇರುವ ಬಳೆಗಳು ತಾಳ ಹಾಕುತ್ತವೆ.

ಲಂಬಾಣಿಗರಿಗೆ ಇದು ಭಾಯಾಗಡ. ಭೀಮಾ ನಾಯಕ ಮತ್ತು ಧರ್ಮಿಣಿಯರ ಮಗನಾಗಿ ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಹುಟ್ಟಿದ ನೆಲವೆಂದು ನಂಬಿ ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣದಿಂದಲೂ ಲಕ್ಷಗಟ್ಟಲೆ ಜನ ಬರುತ್ತಾರೆ. ಇಲ್ಲಿ ಮರಿಯಮ್ಮನಿಗೂ ಗುಡಿ, ಸೇವಾಲಾಲರಿಗೂ ಗುಡಿ. ಮರಿಯಮ್ಮನಿಗೆ ಕೆಂಪು ಬಾವುಟ, ಸೇವಾಲಾಲರಿಗೆ ಬಿಳಿಯದು. ಸೇವಾಲಾಲರು ಮದುವೆಯಾಗದೆ ಉಳಿದವರು. ಆದರೂ ಹೊಸದಾಗಿ ಮದುವೆಯಾದ ಜೋಡಿಗಳು ಮೊದಲು ಬಂದು ತಲೆಬಾಗುವ ಹೊಸ್ತಿಲುಗಳಲ್ಲಿ ಇದೂ ಒಂದು.

ಬನ್ನಿ, ಆ ಬೇವಿನ ನೆರಳಿಗೆ. ಹರಪನಹಳ್ಳಿ ಕಡೆಯ ತಾಂಡಾದಿಂದ ಮಗಳ ಮಗಳ ಜೊತೆ ಬಂದಿರುವ ಅಜ್ಜಿಯೊಬ್ಬರು ಕಾಂಚಳಿ ರವಿಕೆಯ ಬಿಚ್ಚಿಹೋದ ಅಂಚಿಗೆ ಕನ್ನಡಿ ಹೊಲಿಯುತ್ತಿದ್ದಾರೆ. ಉಗುರಿನಷ್ಟಗಲದ ಕನ್ನಡಿಯ ಚೂರನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಮೊದಲು ಅಡ್ಡಡ್ಡ ನಾಲ್ಕು ಎಳೆ ಬಿಗಿದು, ಆಮೇಲೆ ಆ ಎಳೆಗಳಿಗೇ ಸೂಜಿ ಸಿಕ್ಕಿಸುತ್ತ ಸುತ್ತ ಒಂದು ಕಟ್ಟೆ ಕಟ್ಟುತ್ತಾರೆ. ಕನ್ನಡಿಗೆ ತೂತಿಲ್ಲ, ಅಂಟಿಲ್ಲ. ದಾರದ ಕಟ್ಟೆಯೊಳಗೆ ಅದು ಕೂತುಬಿಡುತ್ತದೆ. ಮೊಣಕೈಯಿಂದ ಮೇಲೆ ತೋಳಿಗೆ ಬಿಗಿದ ಬಿಳಿ ಚೂಡೊ, ಕೆನ್ನೆಯ ಪಕ್ಕ ಕೂದಲಿಗೆ ಕಟ್ಟಿ ಇಳಿಬಿಟ್ಟ ಘುಗರಿ. ಗಂಡ ಇದ್ದಾನೆಂದು ಊರಿಗೆಲ್ಲ ಹೇಳುವ ಒಡವೆಗಳಿವು. ಗಂಡ ಹೋದ ದಿನ ಇವನ್ನೂ ತೆಗೆಸುತ್ತಾರೆ.

ಅಜ್ಜಿಯ ಮದುವೆ ಎತ್ತಿನ ಮದುವೆ. ಹೆಣ್ಣನ್ನು ಕಳಿಸಿಕೊಡುವ ಹೊತ್ತಿಗೆ ಅಪ್ಪನ ಮನೆಯ ಮುಂದೆ ಸಿಂಗರಿಸಿದ ಎತ್ತನ್ನು ತಂದು ನಿಲ್ಲಿಸುತ್ತಾರೆ. ಬೆನ್ನಿಗೆ ಕಸೂತಿ ಹಾಕಿದ ಚೀಲ, ಕೊಂಬಿಗೆ ಕವಡೆಯ ಪಟ್ಟಿ. ಮದುಮಗಳು ಆ ಎತ್ತಿನ ಬೆನ್ನೇರಿ ನಿಂತು, ಎರಡೂ ಕೈ ಮೇಲೆತ್ತಿ, ಹುಟ್ಟಿದ ಮನೆಯ ಕಡೆ ಮುಖ ಮಾಡಿ ಹವೇಲಿ ಹಾಡುತ್ತಾಳೆ. ಅತ್ತು ಹಾಡುವ ಢಾವಲೊಗಳು ಅದಕ್ಕೂ ಮೊದಲೇ ಎಷ್ಟೋ ರಾತ್ರಿ ನಡೆದಿರುತ್ತವೆ. ಹವೇಲಿಯಲ್ಲಿ ಅಳುವಿಗಿಂತ ಹರಕೆಯೇ ಹೆಚ್ಚು: ಅಪ್ಪನ ಮನೆ ಬೆಳೆಯಲಿ, ಅಣ್ಣತಮ್ಮಂದಿರ ಕೊಟ್ಟಿಗೆ ತುಂಬಿರಲಿ, ತಾಂಡಾ ತಣ್ಣಗಿರಲಿ ಎಂದು ಹರಸುತ್ತಾಳೆ. ಹುಲ್ಲಿನ ಮಾಡು, ಮಣ್ಣಿನ ಗೋಡೆಯ ಗುಡಿಸಲಾದರೂ ಆ ಹೊತ್ತಿಗೆ ಅದು ಹವೇಲಿ, ಅರಮನೆ. ತನಗೆ ಒಂದು ಗೇಣೂ ಬಾರದ ಮನೆಯನ್ನು ಹುಡುಗಿಯೊಬ್ಬಳು ಅಷ್ಟೆತ್ತರದಲ್ಲಿ ನಿಂತು, ಗಂಟಲು ತುಂಬಿ ಹರಸುವುದನ್ನು ನೆನೆದರೆ ಈಗಲೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

“ಎತ್ತಿನ ಮ್ಯಾಲೆ ನಿಂತಾಗ ಹೆದರಿಕೆ ಆಗ್ಲಿಲ್ವಾ ಯಾಡಿ?”

“ಎತ್ತು ಅಲ್ಲಾಡ್ಲಿಲ್ಲಪ್ಪ. ನಡುಗಿದ್ದು ನಾನು.”

ಉಪ್ಪು, ದವಸ ಹೇರಿಕೊಂಡು ಸಾವಿರಾರು ಎತ್ತುಗಳೊಡನೆ ದೇಶ ಸುತ್ತುತ್ತಿದ್ದ ಕಾಲದಲ್ಲಿ ಲಂಬಾಣಿಗರ ಮನೆ ಎತ್ತಿನ ಬೆನ್ನಿನ ಮೇಲೇ ಇತ್ತು. ಬಿಚ್ಚುವವಳೂ ಕಟ್ಟುವವಳೂ ಹೆಂಗಸು. ಚೀಲಗಳ ಮೇಲಿನ ಹೊಲಿಗೆಯೆಲ್ಲ ಅವಳದೇ. ರಸ್ತೆ, ರೈಲು ಬಂದು ವ್ಯಾಪಾರ ಕೈಬಿಟ್ಟಿತು, 1871ರ ಅಪರಾಧಿ ಬುಡಕಟ್ಟು ಕಾಯ್ದೆ ಅಲೆಮಾರಿಗಳೆಲ್ಲರ ಮೇಲೆ ಅನುಮಾನದ ಕಣ್ಣು ಹಾಕಿತು, ತಾಂಡಾಗಳು ಕಾಡಂಚಿನಲ್ಲಿ ನೆಲೆಯೂರಿದವು. ಗೋಡೆ ಎದ್ದಿತು, ಗೋಡೆಗೆ ನೆಲ ಬೇಕಾಯಿತು, ನೆಲಕ್ಕೊಂದು ಹೆಸರು ಬೇಕಾಯಿತು. ಆ ಹೆಸರು ಗಂಡಸಿನದಾಯಿತು. ಮಣ್ಣು ತುಳಿದು, ಗೋಡೆ ಮೆತ್ತಿ, ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದವಳು ಮಾತ್ರ ಅಪ್ಪನ ಮನೆಯಿಂದ ಗಂಡನ ಮನೆಗೆ, ಗಂಡನ ಮನೆಯಿಂದ ಮಗನ ಮನೆಗೆ ಹೋದಳು. ನಾಯಕ, ಡಾವ್, ಕಾರಭಾರಿ ಕೂತು ನ್ಯಾಯ ಹೇಳುವ ಕಟ್ಟೆಯೂ ಗಂಡಸರದೇ. ಗಂಡ ಸತ್ತವಳನ್ನು ಮೈದುನನೇ ಕಟ್ಟಿಕೊಳ್ಳುವ ರೂಢಿಯನ್ನು ಬ್ರಿಟಿಷ್ ಜನಾಂಗಶಾಸ್ತ್ರಜ್ಞ ಎಡ್ಗರ್ ಥರ್ಸ್ಟನ್ 1909ರಷ್ಟು ಹಿಂದೆಯೇ ದಾಖಲಿಸಿದ್ದಾನೆ. ಅದರಿಂದ ಅವಳಿಗೊಂದು ಸೂರೇನೋ ಉಳಿಯುತ್ತಿತ್ತು, ಆದರೆ ಯಾರ ಸೂರಿನಡಿ ಬಾಳಬೇಕೆಂಬ ಮಾತು ಅವಳ ಕೈಯಲ್ಲಿರಲಿಲ್ಲ. ಹೆಣ್ಣಿನ ಕಡೆಗೆ ತೆರ ಕೊಟ್ಟು ಮದುವೆಯಾಗುತ್ತಿದ್ದ ಕಾಲ ಹೋಗಿ, ಈಗ ತಾಂಡಾಗಳಿಗೂ ವರದಕ್ಷಿಣೆ ಕಾಲಿಟ್ಟಿದೆ.

ಅಜ್ಜಿ ಈಗಿರುವುದು ಸಿಮೆಂಟ್ ಗೋಡೆಯ ಸರ್ಕಾರಿ ಮನೆಯಲ್ಲಿ. “ಕಾಗದ ನನ್ನ ಹೆಸರಲ್ಲೈತಿ” ಎನ್ನುವಾಗ ಸೂಜಿ ನಿಂತಿತು. ಹೌದು, ಮಾಜಿ ಸೈನಿಕರು, ವಿಧುರರಂಥ ಕೆಲವರನ್ನು ಬಿಟ್ಟರೆ ರಾಜ್ಯದ ಬಸವ ವಸತಿ ಯೋಜನೆಯ ಮನೆ ಮಂಜೂರಾಗುವುದು ಹೆಣ್ಣುಮಗಳ ಹೆಸರಿಗೇ. ತಾಂಡಾಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸವೂ ನಡೆದಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಎತ್ತಿನ ಮೇಲೆ ನಿಂತು ಪರರ ಹವೇಲಿ ಹಾಡಿದವಳ ಹೆಸರು ಎರಡು ಕೋಣೆಯ ಮನೆಗಾದರೂ ಬಿದ್ದಿತಲ್ಲ ಎಂದು ನನಗೆ ಮನಸ್ಸು ತುಂಬಿ ಬಂತು.

ಆದರೆ ಹೊಲದ ಮಾತು ಬೇರೆ. ದಾವಣಗೆರೆಯಲ್ಲಿ ಡಿಗ್ರಿ ಓದುತ್ತಿರುವ ಮೊಮ್ಮಗಳು ಅಲ್ಲಿಯವರೆಗೆ ಸುಮ್ಮನಿದ್ದವಳು ಬಾಯಿ ತೆರೆದಳು. ಅವಳ ಅವ್ವನ ಮದುವೆಯಾದದ್ದು 1993ರಲ್ಲಿ. ಮರುವರ್ಷವೇ, 1994ರ ಜುಲೈ 30ರಿಂದ, ಕರ್ನಾಟಕ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟು. ತಾಳಿ ಬಿದ್ದ ತಾರೀಖೇ ಮಗಳ ಹಕ್ಕನ್ನು ಕತ್ತರಿಸಿತ್ತು. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿ ಆ ಭೇದವನ್ನು ಅಳಿಸಿತು. ಅಂದಿಗೆ ಅಪ್ಪ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಸ್ಪಷ್ಟ ಮಾಡಿತು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡವಲ್ಲ, ಪರಿಶಿಷ್ಟ ಜಾತಿಯಾದ್ದರಿಂದ ಈ ಕಾಯ್ದೆ ಅವರಿಗೂ ಅನ್ವಯ. ಹಾಗಾಗಿ ಈಗ ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಸೀರೆ, ಅರಿಸಿನ ಕುಂಕುಮದ ಜೊತೆ ಹಕ್ಕು ಬಿಡುಗಡೆ ಪತ್ರವನ್ನೂ ಒಯ್ಯುತ್ತಾರೆ. ರುಜು ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ ಯಾವ ಜಾತಿಯ ಹೆಣ್ಣುಮಗಳಿಗಿಲ್ಲ?

“ನಮ್ಮ ಮಾವಂದಿರೂ ಸೈನ್ ಕೇಳ್ತಿದಾರೆ ಸರ್. ಅವ್ವ ಇನ್ನೂ ಹಾಕಿಲ್ಲ” ಎಂದಳು ಹುಡುಗಿ.

ಕೇಳುತ್ತಿರುವವರು ಅಜ್ಜಿಯ ಗಂಡುಮಕ್ಕಳು, ಹಾಕದವಳು ಅಜ್ಜಿಯ ಮಗಳು. ಅಜ್ಜಿ ಏನೆನ್ನುತ್ತಾರೋ ಎಂದು ನೋಡಿದೆ. ಅವರು ದಾರವನ್ನು ಹಲ್ಲಿನಿಂದ ಕಡಿದರು.

“ಹಾಕಬ್ಯಾಡ ಅಂತ ಹೇಳಿದ್ದೇ ನಾನು” ಎಂದರು. “ಇದ್ದಿದ್ದು ಮೂರು ಎಕರೆ. ಅದರಾಗ ಕಲ್ಲು ಆರಿಸಿದ್ದು ಅವಳೂನು.”