ಅದಿರು ಲಾರಿ ಚಾಲಕ

ಅದಿರು ಲಾರಿ ಚಾಲಕ ಎಂದರೆ ಗಣಿಯಿಂದ ಕಬ್ಬಿಣದ ಅದಿರನ್ನು ಉಕ್ಕಿನ ಕಾರ್ಖಾನೆ, ರೈಲ್ವೆ ಸೈಡಿಂಗ್ ಅಥವಾ ಬಂದರಿಗೆ ಲಾರಿಯಲ್ಲಿ ಸಾಗಿಸುವ ವೃತ್ತಿನಿರತ. ಕರ್ನಾಟಕದಲ್ಲಿ ಈ ವೃತ್ತಿಯು ಮುಖ್ಯವಾಗಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಕಂಡುಬರುತ್ತದೆ. ಚಾಲಕನ ಸಂಪಾದನೆಯು ಬಹುಮಟ್ಟಿಗೆ ಟ್ರಿಪ್ಪುಗಳ ಎಣಿಕೆಯನ್ನು ಅವಲಂಬಿಸಿರುವುದು ಈ ವೃತ್ತಿಯ ಪ್ರಮುಖ ಲಕ್ಷಣ. ನಿದ್ದೆಗೇಡು, ಅತಿವೇಗ ಮತ್ತು ಅಪಘಾತಗಳಿಗೂ ಇದಕ್ಕೂ ನಿಕಟ ಸಂಬಂಧವಿದೆ.

ಹಿನ್ನೆಲೆ

ಸಂಡೂರು–ಹೊಸಪೇಟೆ ಬೆಟ್ಟಸಾಲು ಉತ್ತಮ ದರ್ಜೆಯ ಹೆಮಟೈಟ್ ಅದಿರಿಗೆ ಹೆಸರಾಗಿದೆ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ, ರೈಲಿನ ಸಾಗಣೆ ಸಾಲದೆ ಲಾರಿಗಳ ಸಂಖ್ಯೆ ಬಹಳವಾಗಿ ಹೆಚ್ಚಿತು. ಜಮೀನನ್ನು ನೆಚ್ಚಿದ್ದ ಕುಟುಂಬಗಳ ಯುವಕರು ಕ್ಲೀನರುಗಳಾಗಿ ಸೇರಿ ಚಾಲಕರಾದರು. ಕೆಲವರು ಸಾಲ ಮಾಡಿ ಸ್ವಂತ ಲಾರಿ ಕೊಂಡರು.

ಕೆಲಸದ ಕ್ರಮ

ಲಾರಿಯು ಗಣಿಯಲ್ಲಿ ಸರತಿಯಲ್ಲಿ ನಿಂತು ಅದಿರು ತುಂಬಿಸಿಕೊಳ್ಳುತ್ತದೆ. ಬಳಿಕ ವೇಬ್ರಿಡ್ಜ್‌ನಲ್ಲಿ ತೂಕವಾಗುತ್ತದೆ. ಪರವಾನಗಿ ಪತ್ರದಲ್ಲಿ ಲಾರಿಯ ಸಂಖ್ಯೆ, ಅದಿರಿನ ತೂಕ ಹಾಗೂ ತಲುಪಬೇಕಾದ ಸ್ಥಳ ನಮೂದಾಗಿರುತ್ತವೆ. ಧೂಳು ಹಾರದಂತೆ ಮೇಲೆ ತಾಡಪಾಲು ಹೊದಿಸಿ ಕಟ್ಟಬೇಕು. ಸರತಿಯಲ್ಲಿ ಕಾಯುವ ಸಮಯಕ್ಕೆ ಸಾಮಾನ್ಯವಾಗಿ ಕೂಲಿ ಇರುವುದಿಲ್ಲ. ಆದ್ದರಿಂದ ಅಲ್ಲಿ ಕಳೆದ ಹೊತ್ತನ್ನು ರಸ್ತೆಯಲ್ಲಿ ತುಂಬಿಕೊಳ್ಳುವ ಒತ್ತಡ ಉಂಟಾಗುತ್ತದೆ.

ಅಧಿಕ ಭಾರ

ಅದಿರು ಬಹು ತೂಕದ ವಸ್ತು. ಲಾರಿಯ ತೊಟ್ಟಿ ಅಂಚಿನವರೆಗೆ ತುಂಬುವ ಮೊದಲೇ ಕಾನೂನಿನ ಮಿತಿ ಮುಟ್ಟುತ್ತದೆ. ಉಳಿದ ಜಾಗವೇ ಮಾಲೀಕನಿಗೆ ಆಮಿಷವಾಗುತ್ತದೆ. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ ಮೊದಲು 25 ಟನ್ ಇದ್ದು, 2018ರಲ್ಲಿ 28.5 ಟನ್‌ಗೆ ಏರಿತು. 2019ರ ತಿದ್ದುಪಡಿಯ ಪ್ರಕಾರ ಅಧಿಕ ಭಾರಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ವಾಹನ ನಡೆಸಿದವನೂ ನಡೆಸಲು ಬಿಟ್ಟವನೂ ಕಾನೂನಿನ ದೃಷ್ಟಿಯಲ್ಲಿ ಹೊಣೆಗಾರರು. ಆದರೆ ತಪಾಸಣೆಯ ವೇಳೆ ಎದುರಿಗೆ ಸಿಗುವವನು ಚಾಲಕ ಮಾತ್ರ.

ಘಟ್ಟದ ಹಾದಿ

ರಫ್ತಿನ ದಿನಗಳಲ್ಲಿ ಹೊಸಪೇಟೆಯ ಕಡೆಯಿಂದ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಲಾರಿಗಳು ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟ ಇಳಿಯಬೇಕಿತ್ತು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ವೇಗ ತಡೆಯುವುದು ಅನುಭವಿ ಚಾಲಕರ ರೂಢಿ. ಬ್ರೇಕನ್ನೇ ಸತತವಾಗಿ ಒತ್ತಿದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಭಾರ ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು.

ದುಡಿಮೆಯ ಅವಧಿ ಮತ್ತು ಆರೋಗ್ಯ

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನೂ 5 ಗಂಟೆಗಳ ಕೆಲಸದ ನಂತರ ಅರ್ಧ ಗಂಟೆಯ ವಿರಾಮವನ್ನೂ ವಿಧಿಸಿತು. 1988ರ ಮೋಟಾರು ವಾಹನಗಳ ಕಾಯ್ದೆಯ 91ನೆಯ ಪ್ರಕರಣವು ಇದೇ ಮಿತಿಯನ್ನು ಸಾರಿಗೆ ವಾಹನಗಳ ಚಾಲಕರಿಗೆ ಅನ್ವಯಿಸಿತು. ಟ್ರಿಪ್ಪಿನ ಲೆಕ್ಕದಲ್ಲಿ ಬದುಕುವವನಿಗೆ ವಿರಾಮವೆಂದರೆ ಸಂಪಾದನೆಯ ನಷ್ಟ. ಹೀಗಾಗಿ ನಿಯಮ ಪಾಲನೆಯಾಗುವುದು ವಿರಳ. ಬೆನ್ನುನೋವು ಮತ್ತು ಕೆಂಧೂಳಿನಿಂದ ಬರುವ ಉಸಿರಾಟದ ತೊಂದರೆ ಸಾಮಾನ್ಯ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರೀ ಸರಕು ಲಾರಿಗಳಲ್ಲಿ ಚಾಲಕನ ಕೋಣೆಗೆ ಹವಾನಿಯಂತ್ರಣ ಕಡ್ಡಾಯ. ಹಳೆಯ ಲಾರಿಗಳಿಗೆ ಇದು ಅನ್ವಯಿಸದು.

2011ರ ನಿಷೇಧ ಮತ್ತು ನಂತರ

ರಾಜ್ಯ ಸರ್ಕಾರವು 2010ರ ಜುಲೈನಲ್ಲಿ ಅದಿರಿನ ರಫ್ತನ್ನು ತಡೆಯಿತು. ಮರುವರ್ಷ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿ, ಆಗಸ್ಟ್‌ನಲ್ಲಿ ಆದೇಶವನ್ನು ಚಿತ್ರದುರ್ಗ, ತುಮಕೂರುಗಳಿಗೂ ವಿಸ್ತರಿಸಿತು. ಅರಣ್ಯ, ರಸ್ತೆ ಮತ್ತು ಬೆಳೆಗಳಿಗೆ ಇದರಿಂದ ಉಸಿರಾಡಲು ಅವಕಾಶ ಸಿಕ್ಕಿತು. ಆದರೆ ಅಕ್ರಮದಲ್ಲಿ ಪಾಲಿಲ್ಲದ ಚಾಲಕರೂ ಕೆಲಸ ಕಳೆದುಕೊಂಡರು; ಲಾರಿಗಳು ನಿಂತಲ್ಲೇ ನಿಂತವು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

2013ರ ತೀರ್ಪಿನ ಬಳಿಕ ಉತ್ಪಾದನೆಯ ಮಿತಿಯೊಂದಿಗೆ ಗಣಿಗಳು ಹಂತಹಂತವಾಗಿ ಮರಳಿ ತೆರೆದವು. 2022ರ ಮೇ ತಿಂಗಳಲ್ಲಿ ನ್ಯಾಯಾಲಯವು ರಫ್ತಿಗೂ ಅವಕಾಶ ನೀಡಿತು. ಈಗ ರೈಲು ಮತ್ತು ಕನ್ವೇಯರ್ ಪಟ್ಟಿಗಳ ಬಳಕೆ ಹೆಚ್ಚುತ್ತಿದೆ. ಇದರಿಂದ ಊರುಗಳಿಗೆ ಧೂಳು ತಗ್ಗುತ್ತದೆ. ಚಾಲಕರಿಗೆ ಟ್ರಿಪ್ಪುಗಳೂ ತಗ್ಗುತ್ತವೆ.