ಕೆಪಾಸಿಟರ್‌ನ ಇನ್ನೊಂದು ಮುಖ

ಫ್ರೀಕ್ವೆನ್ಸಿ ಏರಿದಂತೆ ಕೆಪಾಸಿಟರ್‌ನ ಇಂಪಿಡೆನ್ಸ್ ಇಳಿಯುತ್ತದೆ ಎಂದು ಪಿಯುಸಿಯಿಂದಲೂ ಬರೆದು ಅಂಕ ಗಿಟ್ಟಿಸಿದ್ದೇವೆ. ನಮ್ಮ ಆರನೇ ಸೆಮಿಸ್ಟರ್‌ನ ರೇಡಿಯೊ ಬೋರ್ಡ್ ಮಾತ್ರ ಅದನ್ನು ಒಪ್ಪಲಿಲ್ಲ. ಪವರ್ ಲೈನಿನಲ್ಲಿ 100 ಮೆಗಾಹರ್ಟ್ಸ್ ಗದ್ದಲ. ಅದನ್ನು ಗ್ರೌಂಡಿಗೆ ಇಳಿಸಬೇಕಿದ್ದ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸುಮ್ಮನೆ ಕೂತಿತ್ತು. ರಿವ್ಯೂಗೆ ಹತ್ತೇ ದಿನ, ಮೂವರ ಅಂಕದ ಪ್ರಶ್ನೆ.

ಸೀನಿಯರ್ ಒಬ್ಬರಿಂದ ನ್ಯಾನೊವಿಎನ್ಎ ತಂದೆವು. ಅಂಗೈಯಗಲದ ನೆಟ್‌ವರ್ಕ್ ಅನಲೈಸರ್ ಅದು. ಓಮ್ ಅಳೆಯುವುದಿಲ್ಲ, ಕಳಿಸಿದ ಅಲೆಯಲ್ಲಿ ಎಷ್ಟು ಹಿಂದಿರುಗಿತು, ಎಷ್ಟು ದಾಟಿತು ಎಂದು ಫೇಸ್ ಸಮೇತ ಹೇಳುತ್ತದೆ. ಹಿಂದಿರುಗಿದ್ದು ಎಸ್11, ದಾಟಿದ್ದು ಎಸ್21. ಇಂಪಿಡೆನ್ಸ್ ತೆಗೆಯುವ ಕೆಲಸ ನಮ್ಮದು.

ಕ್ಲಾಸಿನಲ್ಲಿ ಕಲಿಸುವುದು ಎಸ್11 ದಾರಿ. 50 ಓಮ್ ಆಸುಪಾಸಿನಲ್ಲಿ ಅದು ಸೊಗಸು. ಆದರೆ 0.02 ಓಮ್‌ಗೆ ಎಸ್11ರ ಗಾತ್ರ 0.9992, 0.05 ಓಮ್‌ಗೆ 0.998. ಎರಡೂವರೆ ಪಟ್ಟು ವ್ಯತ್ಯಾಸ ಮೂರನೇ ದಶಮಾಂಶದಲ್ಲಿ ಅಡಗಿ ಕೂತಿದೆ! ಕನೆಕ್ಟರ್ ಚೂರು ಸಡಿಲವಾದರೂ ಮಾಯ.

ಎರಡು ಪೋರ್ಟ್‌ಗಳ ನಡುವಿನ ಗೆರೆಯಿಂದ ಗ್ರೌಂಡಿಗೆ ಕೆಪಾಸಿಟರ್ ಬೆಸೆದು ಎಸ್21 ನೋಡಿದರೆ ಅವೇ ಬೆಲೆಗಳು ಸುಮಾರು ಮೈನಸ್ 62 ಮತ್ತು ಮೈನಸ್ 54 ಡೆಸಿಬೆಲ್ ಆಗುತ್ತವೆ. ಈಗ ಅಂತರ ಕಣ್ಣಿಗೆ ಹೊಡೆಯುತ್ತದೆ. ಎಸ್21 ಅನ್ನು 25ರಿಂದ ಗುಣಿಸಿ, ಒಂದರಿಂದ ಎಸ್21 ಕಳೆದದ್ದರಿಂದ ಭಾಗಿಸಿದರೆ ಇಂಪಿಡೆನ್ಸ್ ಸಿಕ್ಕಿತು. ಸಾವಿರಾರು ಓಮ್‌ನ ಭಾಗವಾದರೆ ಅದನ್ನು ಪೋರ್ಟ್‌ಗಳ ನಡುವೆ ಸರಣಿಯಲ್ಲೇ ಕೂರಿಸಬೇಕು.

ಕ್ಯಾಲಿಬ್ರೇಶನ್‌ಗೇ ಅರ್ಧ ದಿನ ಹೋಯಿತು. ಗ್ರಾಫ್ 16 ಮೆಗಾಹರ್ಟ್ಸ್ ಹತ್ತಿರ ತಳ ಮುಟ್ಟಿ ಮತ್ತೆ ಏರತೊಡಗಿತು. 100ರಲ್ಲಿ 0.6 ಓಮ್, ಪುಸ್ತಕದ ಲೆಕ್ಕ 0.016. ಅಂದರೆ ಅಲ್ಲಿ ನಮ್ಮ ಕೆಪಾಸಿಟರ್ ಸುಮಾರು 1 ನ್ಯಾನೊಹೆನ್ರಿಯ ಇಂಡಕ್ಟರ್!

ಅದರ ಪಕ್ಕ 2.2 ನ್ಯಾನೊಫ್ಯಾರಡ್‌ನದೊಂದು ಕೂರಿಸಿದೆವು. ಬೆಲೆಯಲ್ಲಿ ಚಿಕ್ಕದು, ಆದರೆ ಅದರ ತಳ 107 ಮೆಗಾಹರ್ಟ್ಸ್ ಸುಮಾರಿಗೆ. ಗದ್ದಲ ಇಳಿಯಿತು. ಎರಡೂ ಸೇರಿ 75ರ ಬಳಿ ಹೊಸ ಗುಡ್ಡ ಎಬ್ಬಿಸಿದವು. ಅಲ್ಲಿ ನಮ್ಮ ಬೋರ್ಡಿಗೆ ಕೆಲಸವಿರಲಿಲ್ಲ, ಬಚಾವ್.

ಉಪಕರಣ ಸಿಗದಿದ್ದರೂ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಮುರಾಟ, ಟಿಡಿಕೆ ಕಂಪನಿಗಳು ಬಿಡಿಭಾಗಗಳ ಎಸ್-ಪ್ಯಾರಾಮೀಟರ್ ಫೈಲ್‌ಗಳನ್ನು ಉಚಿತವಾಗಿ ಕೊಡುತ್ತವೆ. ಅಳೆದದ್ದು ಸರಣಿಯಲ್ಲೋ ಗ್ರೌಂಡಿಗೋ ಎಂದು ಮೊದಲು ನೋಡಿಕೊಳ್ಳಿ. ಸೂತ್ರ ಅದಲುಬದಲಾದರೆ ಒಂದು ಓಮ್ ಇಲ್ಲದ ಕೆಪಾಸಿಟರ್ ಸಾವಿರಾರು ಓಮ್ ತೋರಿಸುತ್ತದೆ.