ಇದ್ದತ್ ಮುಗಿದರೆ ಲೆಕ್ಕ ಚುಕ್ತಾನಾ? ತಲಾಖ್ ಆದ ಮೇಲಿನ ಜೀವನಾಂಶದ ಕಥೆ

ಅಜ್ಜಂಪುರದಿಂದ ಮಾತಾಡ್ತಾ ಇದ್ದೀನಿ.

ತಲಾಖ್ ಅಂದ ಕೂಡಲೇ ಟಿವಿ ಚರ್ಚೆಯೆಲ್ಲ ತ್ರಿವಳಿ ತಲಾಖ್ ಸುತ್ತಲೇ ತಿರುಗುತ್ತೆ. ಅದನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ರದ್ದು ಮಾಡಿತು. 2019ರ ಕಾಯ್ದೆ ಬಂದ ಮೇಲೆ ಹಾಗೆ ಹೇಳಿದ ಗಂಡನಿಗೆ ಮೂರು ವರ್ಷದವರೆಗೆ ಜೈಲಾಗಬಹುದು. ಸರಿ. ಆದರೆ ಕ್ರಮಪ್ರಕಾರವೇ ತಲಾಖ್ ಆಯ್ತು ಅಂದುಕೊಳ್ಳಿ. ಮಾರನೇ ತಿಂಗಳ ರೇಷನ್ನು, ಬಾಡಿಗೆ, ಮಕ್ಕಳ ಫೀಸು ಯಾರು ಕೊಡಬೇಕು? ಇವತ್ತಿನ ಸಂಚಿಕೆ ಅದರ ಬಗ್ಗೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗೋ ಉತ್ತರ, 'ಮೆಹರ್ ಕೊಟ್ಟಾಯ್ತು, ಇದ್ದತ್ ಮುಗೀತು, ಇನ್ನೇನಿದೆ?' ಮೆಹರ್ ಅಂದರೆ ನಿಕಾಹ್ ವೇಳೆ ಗಂಡು ಹೆಣ್ಣಿಗೆ ಕೊಡಲು ಒಪ್ಪಿಕೊಳ್ಳುವ ಹಣ ಅಥವಾ ಒಡವೆ. ಇದ್ದತ್ ಅಂದರೆ ತಲಾಖ್ ನಂತರ ಹೆಣ್ಣು ಕಾಯಬೇಕಾದ ಅವಧಿ, ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸು. ಇವೆರಡು ಮುಗಿದರೆ ಗಂಡನ ಹೊಣೆ ಮುಗೀತು ಅನ್ನೋದನ್ನ ಕಾನೂನು ಒಪ್ಪೋದಿಲ್ಲ.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ನೋಡಿ. ಬೆಂಗಳೂರಿನ ಒಬ್ಬ ಮಹಿಳೆಗೆ 5,000 ರೂಪಾಯಿ ಮೆಹರ್‌ಗೆ ಮದುವೆಯಾಗಿ, ಕೆಲವೇ ತಿಂಗಳಲ್ಲಿ, 1991ರಲ್ಲಿ ತಲಾಖ್ ಆಯ್ತು. ಗಂಡ ಇನ್ನೊಂದು ಮದುವೆಯಾದ. ಆಕೆ ಜೀವನಾಂಶಕ್ಕೆ ದಾವೆ ಹೂಡಿದ್ದು 2002ರ ಆಗಸ್ಟ್‌ನಲ್ಲಿ. ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 3,000 ರೂಪಾಯಿ ಕೊಡಿ ಅಂತ ಆದೇಶಿಸಿದ್ದು 2011ರ ಆಗಸ್ಟ್‌ನಲ್ಲಿ. ಗಂಡ ಹೈಕೋರ್ಟಿಗೆ ಹೋದ. 2021ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವನ ಅರ್ಜಿಯನ್ನು ವಜಾ ಮಾಡಿ, 25,000 ರೂಪಾಯಿ ದಂಡವನ್ನೂ ಹಾಕಿದರು. ನಿಕಾಹ್ ಒಂದು ಕರಾರು ಹೌದು, ಆದರೆ ಕರಾರು ಮುರಿದ ಮಾತ್ರಕ್ಕೆ ಅದರಿಂದ ಹುಟ್ಟಿದ ಹೊಣೆಗಳೆಲ್ಲ ಅಳಿಸಿಹೋಗೋದಿಲ್ಲ ಅನ್ನೋದು ತೀರ್ಪಿನ ಸಾರ.

ಈ ವಾದದ ಬೇರು 1985ರಲ್ಲಿದೆ. ಇಂದೋರಿನ ಶಾ ಬಾನೋ ಅವರಿಗೆ ಇದ್ದತ್ ನಂತರವೂ ಜೀವನಾಂಶ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ದೊಡ್ಡ ಗಲಾಟೆಯಾಯ್ತು. 1986ರಲ್ಲಿ ಸಂಸತ್ತು ಬೇರೆ ಕಾಯ್ದೆ ತಂದು, ನ್ಯಾಯಯುತ 'ಪ್ರಾವಿಷನ್' ಮತ್ತು ಜೀವನಾಂಶವನ್ನು ಇದ್ದತ್ ಅವಧಿಯ ಒಳಗೆ ಕೊಡಬೇಕು ಎಂದಿತು. ಇದ್ದತ್ ಅವಧಿಗಷ್ಟೇ ಕೊಟ್ಟರೆ ಸಾಕು ಅಂತ ಹಲವರು ಅದನ್ನು ಓದಿಕೊಂಡರು. ಶಾ ಬಾನೋ ಪರ ವಕೀಲರಾಗಿದ್ದ ದಾನಿಯಲ್ ಲತೀಫಿ ಈ ಕಾಯ್ದೆಯನ್ನು ಪ್ರಶ್ನಿಸಿದರು. 2001ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಉಳಿಸಿತು, ಆದರೆ ಅರ್ಥ ಬಿಡಿಸಿ ಹೇಳಿತು: ಕೊಡಬೇಕಾದ್ದು ಇದ್ದತ್ ಒಳಗೆ, ಆದರೆ ಕೊಡಬೇಕಾದ್ದು ಮುಂದಿನ ಬದುಕಿಗೂ ಸೇರಿಸಿ.

ನಾನು ಓದಿದ್ದು ಬಿ.ಕಾಂ. ನಮಗೆ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ, ಪ್ರಾವಿಷನ್ ಅಂದರೆ ಮುಂದೆ ಬರೋ ಖರ್ಚಿಗೆ ಈಗಲೇ ತೆಗೆದಿಡೋ ಹಣ. ಕೋರ್ಟ್ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ.

2024ರ ಜುಲೈ 10ರಂದು ಇನ್ನೊಂದು ಅನುಮಾನ ತೀರಿತು. 1986ರ ಕಾಯ್ದೆ ಇದ್ದರೂ, ಎಲ್ಲ ಧರ್ಮದವರಿಗೂ ಅನ್ವಯಿಸುವ ಸಿಆರ್‌ಪಿಸಿ ಸೆಕ್ಷನ್ 125ರ ಅಡಿಯಲ್ಲಿ ಮುಸ್ಲಿಂ ಮಹಿಳೆ ಜೀವನಾಂಶ ಕೇಳಬಹುದು ಅಂತ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಅಗಸ್ಟೀನ್ ಜಾರ್ಜ್ ಮಸೀಹ್ ಹೇಳಿದರು. ಶಾ ಬಾನೋ ತೀರ್ಪು ಕೊಟ್ಟ ಐವರ ಪೀಠದಲ್ಲಿ ನಾಗರತ್ನ ಅವರ ತಂದೆ, ನಮ್ಮ ಕರ್ನಾಟಕದ ಇ.ಎಸ್. ವೆಂಕಟರಾಮಯ್ಯ ಇದ್ದರು. ಹೊಸ ಸಂಹಿತೆಯಲ್ಲಿ ಆ ಸೆಕ್ಷನ್ ಈಗ 144 ಆಗಿದೆ.

ಈಗ ಕೆಲಸಕ್ಕೆ ಬರೋ ಮಾತು. ಅರ್ಜಿ ಹಾಕಲು ಗಂಡನ ಊರಿಗೇ ಹೋಗಬೇಕಿಲ್ಲ. ಆಕೆ ತವರಲ್ಲಿ ವಾಸವಾಗಿದ್ದರೆ ಆ ಜಿಲ್ಲೆಯಲ್ಲೇ ಹಾಕಬಹುದು. ತೀರ್ಪು ಬರುವವರೆಗೆ ಮಧ್ಯಂತರ ಜೀವನಾಂಶ ಕೇಳಬಹುದು. ಎದುರಾಳಿಗೆ ನೋಟಿಸ್ ತಲುಪಿದ 60 ದಿನದೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಅದನ್ನು ತೀರ್ಮಾನಿಸಬೇಕು ಅಂತ ಕಾನೂನಲ್ಲೇ ಇದೆ. ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರ ಫೀಸಿಗೆ ದುಡ್ಡಿಲ್ಲ ಅಂದರೆ, ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತೆ. 15100ಕ್ಕೆ ಫೋನ್ ಮಾಡಿ ವಿಚಾರಿಸಿ. ನಿಕಾಹ್‌ನಾಮಾದ ನಕಲು ಜೊತೆಗಿರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ತಾರೀಖು. ಅದೇ 2020ರ ತೀರ್ಪಿನ ಪ್ರಕಾರ ಜೀವನಾಂಶ ಲೆಕ್ಕ ಹಾಕೋದು ಅರ್ಜಿ ಹಾಕಿದ ದಿನದಿಂದ. ಬೆಂಗಳೂರಿನ ಪ್ರಕರಣದಲ್ಲೂ 3,000 ರೂಪಾಯಿಯ ಲೆಕ್ಕ ಶುರುವಾಗಿದ್ದು ದಾವೆ ಹೂಡಿದ ದಿನದಿಂದಲೇ. 2002ರಿಂದ 2011ರವರೆಗಿನ 108 ತಿಂಗಳಿಗೆ 3,24,000 ರೂಪಾಯಿ ಆಕೆಗೆ ಸೇರಬೇಕಾಯ್ತು. ಅದಕ್ಕೂ ಹಿಂದಿನ ಸುಮಾರು 11 ವರ್ಷ ಆ ಲೆಕ್ಕಕ್ಕೆ ಬರಲೇ ಇಲ್ಲ.

ಜಮಾತ್‌ನಲ್ಲಿ ಮಾತುಕತೆ ನಡೆಯಲಿ, ಹಿರಿಯರು ರಾಜಿ ಮಾಡಿಸಲಿ, ಬೇಡ ಅನ್ನೋರು ಯಾರೂ ಇಲ್ಲ. ಆದರೆ ಅದು ಮುಗಿಯಲಿ ಅಂತ ಅರ್ಜಿಯನ್ನು ಮುಂದೂಡಬೇಡಿ. ಅರ್ಜಿ ಹಾಕದೆ ಕಳೆದ ಒಂದೊಂದು ತಿಂಗಳೂ ಆ ಹೆಣ್ಣುಮಗಳ ಕೈತಪ್ಪಿದ ದುಡ್ಡು. ಇದು ಬೇಕಾದವರು ಯಾರಾದರೂ ನಿಮ್ಮ ಅಕ್ಕಪಕ್ಕದಲ್ಲಿದ್ದರೆ ಅವರಿಗೆ ತಲುಪಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.